ಮಳೆ ಕಡಿಮೆಯಾದದ್ದು ಐದರಲ್ಲೊಂದು ಪಾಲು, ತೊರೆಯ ನೀರು ಕಡಿಮೆಯಾದದ್ದು ಮುಕ್ಕಾಲು ಪಾಲು: ಪರ್ತ್ ಸುತ್ತಲಿನ ಜಾರಾ ಕಾಡಿನ ಬಗ್ಗೆ ಒಂದು ಪ್ರಶ್ನೆ

ಮಾಲೂರಿನವ (ಪ್ರಶ್ನೆ):

ನಾನು ಕೋಲಾರ ಜಿಲ್ಲೆಯ ಮಾಲೂರಿನ ಕಡೆಯವನು. ಹನ್ನೊಂದು ವರ್ಷಗಳಿಂದ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ನೆಲೆಸಿದ್ದೇನೆ. ಮನೆಯಿಂದ ಅರ್ಧ ಗಂಟೆ ಪೂರ್ವಕ್ಕೆ ಹೋದರೆ ಡಾರ್ಲಿಂಗ್ ಬೆಟ್ಟಸಾಲು ಸಿಗುತ್ತದೆ, ಅದರ ಮೇಲೆ ನಮ್ಮ ನೀಲಗಿರಿಯ ದಾಯಾದಿಯಾದ ಜಾರಾ ಮರಗಳ ಕಾಡು ಹಬ್ಬಿದೆ. ವಾರಕ್ಕೊಮ್ಮೆಯಾದರೂ ಆ ಕಾಡಿನಲ್ಲಿ ನಡೆಯುವುದು ನನ್ನ ರೂಢಿ. 2024ರ ಬೇಸಿಗೆ ಮುಗಿಯುವ ಹೊತ್ತಿಗೆ, ಅಂದರೆ ಇಲ್ಲಿನ ಮಾರ್ಚ್–ಏಪ್ರಿಲ್‌ನಲ್ಲಿ, ಕೆಲವು ಗುಡ್ಡಗಳ ಒಂದಿಡೀ ಪಕ್ಕೆ ಬೆಂಕಿಯೇ ಬೀಳದೆ ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಂಡೆ. ಬೇಸಿಗೆಯಲ್ಲೂ ಎಲೆ ಉದುರಿಸದ ಮರಗಳು ಅವು. ನೋಡಿ ಮನಸ್ಸು ಕಲಕಿತು.

ಅದಾದ ಮೇಲೆ ಓದತೊಡಗಿದೆ. ಆಸ್ಟ್ರೇಲಿಯಾದ ಈ ನೈಋತ್ಯ ಮೂಲೆಯಲ್ಲಿ 1970ರ ಆಚೀಚೆಯಿಂದ ಚಳಿಗಾಲದ ಮಳೆ ಕಡಿಮೆಯಾಗುತ್ತಲೇ ಬಂದಿದೆ, ಮುಖ್ಯ ಮಳೆತಿಂಗಳುಗಳಲ್ಲಿ ಆದ ಇಳಿಕೆ ಸುಮಾರು ಐದರಲ್ಲೊಂದು ಪಾಲು ಎಂಬುದು ತಿಳಿಯಿತು. ಆದರೆ ಪರ್ತಿನ ಅಣೆಕಟ್ಟುಗಳಿಗೆ ಹರಿದುಬರುವ ನೀರು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಕುಸಿದಿದೆ. ಈ ಎರಡು ಲೆಕ್ಕಗಳ ನಡುವಿನ ಅಂತರ ನನಗೆ ಅರ್ಥವಾಗುತ್ತಿಲ್ಲ. ಕೆಲವರು ಕಾಡೇ ನೀರನ್ನೆಲ್ಲ ಕುಡಿಯುತ್ತಿದೆ ಎನ್ನುತ್ತಾರೆ, ನಮ್ಮ ಊರಿನಲ್ಲಿ ನೀಲಗಿರಿ ತೋಪುಗಳ ಬಗ್ಗೆ ಹೇಳುತ್ತಿದ್ದ ಹಾಗೆಯೇ. ಇನ್ನು ಕೆಲವರು ಕಾಡಿಗೇ ನೀರಿಲ್ಲದೆ ಅದು ಸಾಯುತ್ತಿದೆ ಎನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ? ಈ ವಿಷಯದಲ್ಲಿ ಕೆಲಸ ಮಾಡಿದವರು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಒರತೆ (ಉತ್ತರ):

ಎರಡೂ ನಿಜ. ಮೊದಲನೆಯದು ನಿಜವಾಗಿರುವುದರಿಂದಲೇ ಎರಡನೆಯದೂ ನಿಜವಾಗುತ್ತಿದೆ ಎಂಬುದು ನನ್ನ ತಿಳಿವಳಿಕೆ. ನಾನು ಅಂತರ್ಜಲದ ಕೆಲಸದಲ್ಲಿರುವವನು, ಆ ಕಡೆಯಿಂದ ಹೇಳುತ್ತೇನೆ.

ಮೊದಲು ಪ್ರಮಾಣವನ್ನು ನಮ್ಮವರಿಗೆ ಪರಿಚಿತವಾದ ಟಿಎಂಸಿಯಲ್ಲಿ ನೋಡೋಣ. 1911ರಿಂದ 1974ರವರೆಗೆ ಪರ್ತಿನ ಅಣೆಕಟ್ಟುಗಳಿಗೆ ವರ್ಷಕ್ಕೆ ಸರಾಸರಿ ಸುಮಾರು 12 ಟಿಎಂಸಿ ನೀರು ಬರುತ್ತಿತ್ತು. 1975ರ ನಂತರದ ಕಾಲು ಶತಮಾನದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ, ಆರು ಟಿಎಂಸಿಯ ಆಸುಪಾಸಿಗೆ ಇಳಿಯಿತು. 2010ರಿಂದೀಚೆಗೆ ಸರಾಸರಿ 3 ಟಿಎಂಸಿಯನ್ನೂ ಮುಟ್ಟುತ್ತಿಲ್ಲ. ಇದೇ ಅವಧಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮಳೆ ಇಳಿದದ್ದು ನೂರಕ್ಕೆ ಸುಮಾರು 16, ಮೇಯಿಂದ ಜುಲೈವರೆಗಿನದು ಸುಮಾರು 20. ಮಳೆ ತರುವ ಪಶ್ಚಿಮದ ಮಾರುತಗಳ ಹಾದಿ ದಕ್ಷಿಣ ಧ್ರುವದ ಕಡೆಗೆ ಸರಿದಿದೆ. ಹಿಂದೆ ಹತ್ತು ವರ್ಷಕ್ಕೆ ಒಂದೆರಡು ಬಾರಿಯಾದರೂ ಬರುತ್ತಿದ್ದ ಅತಿ ಮಳೆಯ ಚಳಿಗಾಲಗಳು ಬಹುಮಟ್ಟಿಗೆ ನಿಂತುಹೋಗಿವೆ. ಸರಾಸರಿಯ ಇಳಿಕೆಗಿಂತ ಈ ಎರಡನೆಯ ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ನೆಲದಾಳವನ್ನು ತುಂಬುತ್ತಿದ್ದದ್ದು ಆ ದೊಡ್ಡ ವರ್ಷಗಳೇ.

ಈಗ ಅಂತರದ ಲೆಕ್ಕಕ್ಕೆ ಬರುತ್ತೇನೆ. ಇಂಥ ಕಾಡಿನಲ್ಲಿ ಬಿದ್ದ ಮಳೆಯ ಬಹುಪಾಲು ಎಲೆಗಳ ಮೂಲಕವೋ ನೆಲದ ಆವಿಯಾಗಿಯೋ ಗಾಳಿಗೆ ಹಿಂತಿರುಗುತ್ತದೆ, ತೊರೆಗೆ ದಕ್ಕುವುದು ಉಳಿಕೆ ಮಾತ್ರ. ತಿಳಿಯುವುದಕ್ಕಾಗಿ ಒಂದು ಕಲ್ಪಿತ ಲೆಕ್ಕ ಮಾಡೋಣ. ಸಾವಿರ ಮಿಲಿಮೀಟರ್ ಮಳೆ ಬಿದ್ದು ಕಾಡು ಒಂಬೈನೂರನ್ನು ಬಳಸಿದರೆ ತೊರೆಗೆ ನೂರು ಉಳಿಯುತ್ತದೆ. ಮಳೆ ಎಂಟುನೂರೈವತ್ತಕ್ಕೆ ಇಳಿದ ವರ್ಷ ಕಾಡು ತನ್ನ ಬಾಯಾರಿಕೆಯನ್ನು ಅದೇ ಅನುಪಾತದಲ್ಲಿ ಕಡಿಮೆ ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಲಾಗದು. ಮೊದಲು ಕುಡಿಯುವುದು ಮರ, ಮಿಕ್ಕದ್ದು ತೊರೆಗೆ. ಆದ್ದರಿಂದ ಕೊರತೆಯ ಬಹುಪಾಲು ತೊರೆಯ ಲೆಕ್ಕಕ್ಕೇ ಬೀಳುತ್ತದೆ. ಅದೂ ಸಾಲದೆ ಹೋದಾಗ ಮರ ಹಿಂದಿನ ವರ್ಷಗಳ ಉಳಿತಾಯಕ್ಕೆ, ಅಂದರೆ ಮಣ್ಣಿನಾಳದ ತೇವಕ್ಕೆ, ಕೈ ಹಾಕುತ್ತದೆ.

ಆ ಉಳಿತಾಯ ಎಲ್ಲಿದೆ ಎಂಬುದನ್ನು ಮಲೆನಾಡು ಕಂಡವರಿಗೆ ವಿವರಿಸುವುದು ಸುಲಭ. ಜಾರಾ ಕಾಡಿನ ನೆಲದಲ್ಲಿ ಮೇಲೆ ಜಂಬಿಟ್ಟಿಗೆಯ ಹರಳು ಮತ್ತು ಗಟ್ಟಿ ಪದರವಿದೆ, ಅದರ ಕೆಳಗೆ ನಮ್ಮ ಶೇಡಿಮಣ್ಣಿನಂಥ ಬಿಳಿಚು ಜೇಡಿ ಹತ್ತಾರು ಮೀಟರ್ ದಪ್ಪ ಇದೆ, ಅದಕ್ಕೂ ಕೆಳಗೆ ಕಗ್ಗಲ್ಲು. ಮೇಲಿನ ಹರಳುನೆಲ ಎಷ್ಟು ಮಳೆ ಬಂದರೂ ಹೀರಿಕೊಳ್ಳುತ್ತದೆ, ಹಾಗಾಗಿ ಇಳಿಜಾರಿನ ಮೇಲೆ ನೀರು ಹರಿದು ತೊರೆ ಸೇರುವುದು ಅಪರೂಪ. ಜಾರಾ ತನ್ನ ಬೇರನ್ನು ಹಳೆಯ ಬೇರುಗಳು ಬಿಟ್ಟುಹೋದ ಕೊಳವೆಗಳ ಮೂಲಕ ಆ ಶೇಡಿಯೊಳಗೆ ಇಳಿಸುತ್ತದೆ. ಸುಮಾರು 40 ಮೀಟರ್ ಆಳದಲ್ಲೂ ಅದರ ಬೇರು ಕಂಡಿದ್ದಾರೆ. ಬೇಸಿಗೆಯ ಐದಾರು ತಿಂಗಳು ಹನಿ ಮಳೆಯಿಲ್ಲದೆಯೂ ಈ ಮರ ಹಸುರಾಗಿರುವುದರ ಗುಟ್ಟು ಇದು.

ತೊರೆ ಹರಿಯುತ್ತಿದ್ದದ್ದು ಹೇಗೆ ಎಂದರೆ, ಕಣಿವೆಯ ತಳದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೆ ಬಂದು ಮುಟ್ಟುತ್ತಿದ್ದುದರಿಂದ. ಅಲ್ಲಿ ನೆಲ ತೊಯ್ದು ಜೌಗಾಗಿರುತ್ತಿತ್ತು, ಅದರ ಮೇಲೆ ಬಿದ್ದ ಮಳೆ ಇಂಗಲು ಜಾಗವಿಲ್ಲದೆ ಹರಿಯುತ್ತಿತ್ತು, ಮಳೆ ನಿಂತ ಮೇಲೆಯೂ ಒರತೆ ಸುರಿಯುತ್ತಿತ್ತು. ವರ್ಷ ವರ್ಷವೂ ಉಳಿತಾಯ ಕರಗಿ ಅಂತರ್ಜಲ ತೊರೆಯ ತಳಕ್ಕಿಂತ ಕೆಳಗೆ ಜಾರಿದಾಗ ಈ ಸಂಬಂಧ ಕಡಿದುಹೋಗುತ್ತದೆ. ಆಮೇಲೆ ತೊರೆ ದೊಡ್ಡ ಮಳೆಯ ದಿನ ನಾಲ್ಕು ಗಂಟೆ ಹರಿದು ನಿಲ್ಲುವ ಹಳ್ಳವಾಗುತ್ತದೆ. ಇದು ನಿಧಾನವಾಗಿ ಬಾಗುವ ರೇಖೆಯಲ್ಲ, ಒಂದು ಹೊಸ್ತಿಲು. ಹೊಸ್ತಿಲು ದಾಟಿದ ಮೇಲೆ ಒಂದು ಒಳ್ಳೆಯ ಮಳೆಗಾಲ ಬಂದರೆ ಹಳೆಯ ತೊರೆ ಮರಳುವುದಿಲ್ಲ, ಏಕೆಂದರೆ ಮೊದಲು ಬರಿದಾದ ಶೇಡಿಮಣ್ಣು ತುಂಬಬೇಕು, ಆಮೇಲೆ ಅಂತರ್ಜಲ ಏರಬೇಕು, ಆ ನಡುವೆ ಮರಗಳು ಕುಡಿಯುವುದನ್ನು ನಿಲ್ಲಿಸುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಅಣೆಕಟ್ಟಿನ ಮಟ್ಟವನ್ನು ನೋಡಿ ತೊರೆಗಳ ಸ್ಥಿತಿಯನ್ನು ಅಳೆಯಬೇಡಿ. 2006ರಲ್ಲಿ ಕ್ವಿನಾನಾದಲ್ಲಿ, 2011ರಲ್ಲಿ ಬಿನ್ನಿಂಗಪ್‌ನಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಸ್ಥಾವರಗಳು ಶುರುವಾದ ಮೇಲೆ, ಬೇಡಿಕೆ ಕಡಿಮೆ ಇರುವ ಚಳಿಗಾಲದಲ್ಲಿ ಆ ನೀರನ್ನು ಬೆಟ್ಟದ ಅಣೆಕಟ್ಟುಗಳಿಗೆ ಏರಿಸಿ ಶೇಖರಿಸುತ್ತಾರೆ. ನೀವು ಕಾಣುವ ನೀರಿನ ಒಂದು ಭಾಗ ಕಾಡಿನಿಂದ ಬಂದದ್ದೇ ಅಲ್ಲ. ನಗರದ ನಲ್ಲಿ ಎಂದೂ ಬತ್ತದಿದ್ದುದರಿಂದ ಬೆಟ್ಟದಲ್ಲಿ ಏನಾಗಿದೆ ಎಂಬುದು ಬಹಳ ಮಂದಿಗೆ ತಿಳಿಯದೆ ಹೋಯಿತು ಎಂಬ ನೋವು ನನಗಿದೆ.

ಬೀಜದುಂಡೆ (ಉತ್ತರ):

ಒರತೆಯವರು ನೀರಿನ ಕಡೆಯಿಂದ ಹೇಳಿದ್ದಾರೆ. ನಾನು ಸಸ್ಯಗಳ ಕಡೆಯಿಂದ ಸೇರಿಸುತ್ತೇನೆ. ಕಂದಾದ ಗುಡ್ಡಗಳು 2024ರಲ್ಲಿ ಮೊದಲ ಬಾರಿಗೆ ಕಂಡದ್ದಲ್ಲ. 2010 ಈ ಪ್ರದೇಶದ ದಾಖಲೆಯಲ್ಲಿ ಅತ್ಯಂತ ಕಡಿಮೆ ಮಳೆಯ ವರ್ಷವಾಗಿತ್ತು. ಅದರ ಬೆನ್ನಿಗೇ 2011ರ ಬೇಸಿಗೆಯ ಕೊನೆಯಲ್ಲಿ ಬಿಸಿಗಾಳಿಯ ದಿನಗಳು ಬಂದಾಗ ಉತ್ತರ ಜಾರಾ ಕಾಡಿನಲ್ಲಿ ಸುಮಾರು 16,000 ಹೆಕ್ಟೇರ್‌ಗಳಷ್ಟು ಜಾಗದಲ್ಲಿ ಮರಗಳ ನೆತ್ತಿ ಕೆಲವೇ ವಾರಗಳಲ್ಲಿ ಒಣಗಿತು. ಆ ತೇಪೆಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ ಎಂಬುದೇ ಅದರಿಂದ ಕಲಿತ ದೊಡ್ಡ ಪಾಠ. ಬಂಡೆಗಳ ಅಂಚಿನಲ್ಲಿ, ಮಣ್ಣು ತೆಳುವಾಗಿದ್ದ ಕಡೆಯಲ್ಲಿ ಅವು ಹೆಚ್ಚು. ಉಳಿತಾಯದ ಪಾತ್ರೆ ಚಿಕ್ಕದಿದ್ದವರು ಮೊದಲು ಬರಿಗೈಯಾದರು ಎಂದು ತಿಳಿಯಿರಿ. ಆಳದ ಮಣ್ಣಿನ ಮೇಲಿದ್ದ ನೆರೆಯ ಮರಗಳು ಹಸುರಾಗಿಯೇ ಉಳಿದವು.

ಕಂದಾದ ಮರವೆಲ್ಲ ಸತ್ತ ಮರವಲ್ಲ. ಜಾರಾದ ಬುಡದಲ್ಲಿ, ಮಣ್ಣಿನೊಳಗೆ, ಮೊಗ್ಗುಗಳನ್ನೂ ಪಿಷ್ಟವನ್ನೂ ಕೂಡಿಟ್ಟ ಮರಗಡ್ಡೆಯಿದೆ, ಕಾಂಡದ ತೊಗಟೆಯ ಅಡಿಯಲ್ಲೂ ಮಲಗಿದ ಮೊಗ್ಗುಗಳಿವೆ. ಕಾಡ್ಗಿಚ್ಚಿನಿಂದ ಚೇತರಿಸಿಕೊಳ್ಳಲು ಅದು ಬೆಳೆಸಿಕೊಂಡ ಈ ಶಕ್ತಿ ಬರಗಾಲದಲ್ಲೂ ಒದಗುತ್ತದೆ. 2011ರ ನಂತರ ಬಹಳಷ್ಟು ಮರಗಳು ಬುಡದಿಂದ ಚಿಗುರಿದವು. ಆದರೆ ಚಿಗುರಿದ್ದೆಂದರೆ ಮೊದಲಿನಂತಾಯಿತು ಎಂದಲ್ಲ. ಒಂದು ಎತ್ತರದ ಕಾಂಡವಿದ್ದ ಕಡೆ ಐದಾರು ಸಣ್ಣ ಕಾಂಡಗಳ ಪೊದೆ ನಿಲ್ಲುತ್ತದೆ, ಕಾಡಿನ ನೆತ್ತಿ ಕೆಳಗಿಳಿಯುತ್ತದೆ, ನೆಲಕ್ಕೆ ಬಿಸಿಲು ಬೀಳುತ್ತದೆ, ಒಣಗಿದ ಕಾಂಡಗಳು ಮುಂದಿನ ಬೆಂಕಿಗೆ ಸೌದೆಯಾಗುತ್ತವೆ. ಹದಿಮೂರು ವರ್ಷಗಳ ನಂತರ ಮತ್ತೊಂದು ಇಂಥದೇ ಬೇಸಿಗೆ ಬಂದಾಗ ಗಡ್ಡೆಯಲ್ಲಿ ಎಷ್ಟು ಪಿಷ್ಟ ಉಳಿದಿತ್ತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಅಂದಹಾಗೆ, ಇದನ್ನು ಬೇರು ಕೊಳೆಸುವ ಫೈಟಾಫ್ತೊರ ರೋಗದೊಂದಿಗೆ ಬೆರೆಸಬಾರದು. ಅಡಿಕೆಯ ಕೊಳೆರೋಗದ ಕುಲಕ್ಕೇ ಸೇರಿದ ಆ ಜೀವಿಯೂ ಈ ಕಾಡಿನಲ್ಲಿ ದಶಕಗಳಿಂದ ಮರಗಳನ್ನು ಕೊಲ್ಲುತ್ತಿದೆ, ಆದರೆ ಅದು ಒದ್ದೆ ನೆಲದಲ್ಲಿ ಹರಡುವುದು.

ಬೆಟ್ಟದಿಂದ ಇಳಿದು ಪರ್ತಿನ ಉತ್ತರದ ಮರಳುಬಯಲಿಗೆ ಬಂದರೆ ಕಥೆ ಇನ್ನೊಂದು ರೂಪ ತಾಳುತ್ತದೆ. ಅಲ್ಲಿ ಬ್ಯಾಂಕ್ಸಿಯಾ ಮರಗಳ ವಿರಳ ಕಾಡು ಇದೆ, ಅದರ ಅಡಿಯಲ್ಲಿ ಗ್ನಂಗಾರಾ ಎಂಬ ದೊಡ್ಡ ಅಂತರ್ಜಲ ಭಂಡಾರವಿದೆ. ಇಲ್ಲಿ ನೀರು ಮರಳಿನಲ್ಲಿ ಆಳವಿಲ್ಲದೆ ಸಿಗುತ್ತಿತ್ತು, ಕೆಲವು ಬ್ಯಾಂಕ್ಸಿಯಾ ಪ್ರಭೇದಗಳು ಬೇಸಿಗೆಯನ್ನು ಅದನ್ನೇ ನಂಬಿ ಕಳೆಯುತ್ತವೆ. ಮಳೆ ಕಡಿಮೆಯಾದದ್ದು, ನಗರದ ಕೊಳವೆಬಾವಿಗಳು, ಹತ್ತಿರದ ಪೈನ್ ನೆಡುತೋಪುಗಳು, ಈ ಮೂರೂ ಸೇರಿ ನೀರಿನ ಮಟ್ಟವನ್ನು ಕೆಳಗೆಳೆದವು. 1990–91ರ ಉರಿಬೇಸಿಗೆಯಲ್ಲಿ, ನೀರೆತ್ತುತ್ತಿದ್ದ ಕೊಳವೆಬಾವಿಗಳ ಸನಿಹದ ಬ್ಯಾಂಕ್ಸಿಯಾಗಳು ಗುಂಪುಗುಂಪಾಗಿ ಸತ್ತವು, ದೂರದವು ಬದುಕಿದವು. ಮಟ್ಟ ನಿಧಾನವಾಗಿ ಇಳಿದ ಕಡೆ ಬೇರುಗಳು ಅದನ್ನು ಹಿಂಬಾಲಿಸಿ ಇಳಿಯಬಲ್ಲವು, ನೀರು ಬೇರಿಗಿಂತ ವೇಗವಾಗಿ ಓಡಿದರೆ ಮರ ಸೋಲುತ್ತದೆ. ನಿಧಾನದ ಇಳಿಕೆಯಲ್ಲೂ ಕಾಡು ಬದಲಾಗದೆ ಇರುವುದಿಲ್ಲ. ತೇವ ಬೇಡುವ ಪ್ರಭೇದಗಳು ಒಂದೊಂದಾಗಿ ಹಿಂದೆ ಸರಿದು ಒಣನೆಲದ ಗಿಡಗಳು ಆ ಜಾಗ ಹಿಡಿಯುತ್ತವೆ, ದೂರದಿಂದ ನೋಡಿದವರಿಗೆ ಅದೇ ಕಾಡು ಎನಿಸುತ್ತದೆ.

ಯಾಂಚೆಪ್‌ನ ಸುಣ್ಣಕಲ್ಲಿನ ಗುಹೆಗಳನ್ನು ನೋಡಿದ್ದೀರಾ? ಮೇಲಿನ ಟುವಾರ್ಟ್ ಮರಗಳು ಗುಹೆಯೊಳಗಿನ ಸಣ್ಣ ತೊರೆಗಳಿಗೆ ತಮ್ಮ ಬೇರನ್ನು ಇಳಿಬಿಟ್ಟು ಅಲ್ಲಿ ಜಮಖಾನೆಯಂತೆ ಹೆಣೆದಿದ್ದವು. ಆ ಬೇರಿನ ಹಾಸಿನಲ್ಲಿ ಕತ್ತಲಲ್ಲೇ ಬದುಕುವ ಸೂಕ್ಷ್ಮ ಜಲಜೀವಿಗಳ ಒಂದು ಲೋಕವೇ ಇತ್ತು. ಗ್ನಂಗಾರಾದ ಮಟ್ಟ ಇಳಿದಂತೆ ಗುಹೆಯ ತೊರೆಗಳು ಬತ್ತಿದವು. ನೀರು ಹಾಯಿಸಿ ಉಳಿಸುವ ಪ್ರಯತ್ನವೂ ನಡೆಯಿತು. ಒಂದು ಮರ, ಒಂದು ತೊರೆ, ಒಂದು ಜೀವಿಸಮೂಹ ಹೀಗೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬ್ಯಾಂಕ್ಸಿಯಾ ಕಾಡನ್ನು 2016ರಲ್ಲಿ ಅಳಿವಿನಂಚಿನ ಸಸ್ಯಸಮುದಾಯವೆಂದು ಆಸ್ಟ್ರೇಲಿಯಾ ಸರಕಾರ ಪಟ್ಟಿ ಮಾಡಿತು. ನಿಮ್ಮ ಮನೆಯ ಅಂಗಳದಲ್ಲಿ ಕೊಳವೆಬಾವಿಯಿದ್ದರೆ, 2022ರ ಸೆಪ್ಟೆಂಬರ್‌ನಿಂದ ವಾರಕ್ಕೆ ಮೂರು ದಿನದ ಬದಲು ಎರಡೇ ದಿನ ನೀರು ಚಿಮ್ಮಿಸಬೇಕೆಂಬ ನಿಯಮ ಬಂದದ್ದು ಈ ಭಂಡಾರವನ್ನು ಉಳಿಸುವುದಕ್ಕಾಗಿಯೇ.

ಮೂಲೆಹೊಳೆ ದಾರಿ (ಉತ್ತರ):

ಗುಂಡ್ಲುಪೇಟೆಯಿಂದ ಬರೆಯುತ್ತಿದ್ದೇನೆ. ತೊರೆಗೂ ಅಂತರ್ಜಲಕ್ಕೂ ಸಂಬಂಧ ಕಡಿದುಹೋಗುವ ವಿಷಯ ಓದಿದಾಗ ಬಂಡೀಪುರದ ಮೂಲೆಹೊಳೆ ನೆನಪಾಯಿತು. ಅಲ್ಲಿ ಸುಮಾರು ನಾಲ್ಕು ಚದರ ಕಿಲೋಮೀಟರಿನ ಒಂದು ಪುಟ್ಟ ಜಲಾನಯನ ಪ್ರದೇಶವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ವರ್ಷಗಟ್ಟಲೆ ಅಳೆದಿದ್ದಾರೆ. ವರ್ಷಕ್ಕೆ 1,100 ಮಿಲಿಮೀಟರ್‌ನಷ್ಟು ಮಳೆ, ದಿಂಡಿಗ, ಮತ್ತಿ, ತೇಗದ ಎಲೆಯುದುರುವ ಕಾಡು. ಬಿದ್ದ ಮಳೆಯ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಕಾಡೇ ಬಳಸುತ್ತದೆ. ಅಂತರ್ಜಲ ತೊರೆಯ ತಳಕ್ಕಿಂತ ಬಹಳ ಕೆಳಗಿದೆ, ಆದ್ದರಿಂದ ತೊರೆ ಮಳೆ ಬಂದಾಗ ಮಾತ್ರ ಹರಿಯುತ್ತದೆ. ಮಣ್ಣಿಗೂ ಬಂಡೆಗೂ ನಡುವಿನ ಶಿಥಿಲ ಪದರದ ತೇವ, ಮಳೆ ಕೈಕೊಟ್ಟ ವರ್ಷಗಳಲ್ಲಿ ಮರಗಳನ್ನು ಕಾಯುತ್ತದೆ. ಅದನ್ನು ಮತ್ತೆ ತುಂಬಿಸುವುದರಲ್ಲೇ ಮುಂದಿನ ಒಳ್ಳೆಯ ಮಳೆಯ ದೊಡ್ಡ ಭಾಗ ಖರ್ಚಾಗಿ, ಅಂತರ್ಜಲಕ್ಕೆ ಇಳಿಯುವುದು ಸ್ವಲ್ಪವೇ. ವ್ಯತ್ಯಾಸವೇನೆಂದರೆ, ನಮ್ಮ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ಖರ್ಚು ಕಡಿಮೆ ಮಾಡಿಕೊಳ್ಳುತ್ತವೆ, ಜಾರಾಕ್ಕೆ ಆ ಉಪಾಯವಿಲ್ಲ.

ಮಾಲೂರಿನ ನೀಲಗಿರಿಯ ಮಾತಿಗೂ ಇಲ್ಲಿ ಉತ್ತರವಿದೆ. ಕರ್ನಾಟಕದ ಅರಣ್ಯ ಇಲಾಖೆ ಮತ್ತು ಬ್ರಿಟಿಷ್ ಜಲವಿಜ್ಞಾನಿಗಳು ಜೊತೆಯಾಗಿ ಶಿವಮೊಗ್ಗದ ಬಳಿಯೂ ಹೊಸಕೋಟೆಯಲ್ಲೂ ನೀಲಗಿರಿ ಎಷ್ಟು ನೀರು ಬಳಸುತ್ತದೆಂದು ಅಳೆದು 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ್ದರು. ಶಿವಮೊಗ್ಗದ ಕಡೆಯ ಮಧ್ಯಮ ಆಳದ ಮಣ್ಣಿನಲ್ಲಿ ಅದು ನಾಡಮರಗಳ ಕಾಡಿಗಿಂತ ಹೆಚ್ಚೇನೂ ಬಳಸಲಿಲ್ಲ. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿತು. ಬೇರು ವರ್ಷ ವರ್ಷವೂ ಕೆಳಗಿಳಿದು ಹಳೆಯ ತೇವವನ್ನು ಗಣಿಯಂತೆ ಅಗೆದು ತೆಗೆದದ್ದೇ ಅದಕ್ಕೆ ಕಾರಣ. ನಿಮ್ಮ ಊರಿನ ಹಿರಿಯರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಮರದ ಗುಣ ಎಷ್ಟೋ ಮಣ್ಣಿನ ಆಳದ ಗುಣವೂ ಅಷ್ಟೇ.

ಮಾಲೂರಿನವ:

ಮೂವರಿಗೂ ಮನಃಪೂರ್ವಕ ವಂದನೆಗಳು. ಹೊಸಕೋಟೆಯ ಅಳತೆಯ ವಿಷಯ ಅಷ್ಟು ಹತ್ತಿರದ ಊರಿನವನಾದ ನನಗೇ ತಿಳಿದಿರಲಿಲ್ಲ. ಒಂದು ಉಪಪ್ರಶ್ನೆ. ಮರಗಳು ಮೊದಲು ಕುಡಿಯುತ್ತವೆ ಎಂದಾದರೆ, ಮರಗಳನ್ನು ವಿರಳಗೊಳಿಸಿದರೆ ಉಳಿದವುಗಳಿಗೂ ತೊರೆಗೂ ನೀರು ದಕ್ಕುವುದಿಲ್ಲವೇ? ಇದನ್ನು ಇಲ್ಲಿ ಪರೀಕ್ಷಿಸಿದ್ದಾರೆಯೇ?

ಒರತೆ:

ಪರೀಕ್ಷಿಸಿದ್ದಾರೆ, ಮೊದಲ ಪರೀಕ್ಷೆ ನೂರು ವರ್ಷಕ್ಕೂ ಹಳೆಯದು. 1903ರಲ್ಲಿ ಮಂಡೇರಿಂಗ್ ಅಣೆಕಟ್ಟಿನಿಂದ ಚಿನ್ನದ ಗಣಿಗಳ ಕಲ್ಗೂರ್ಲಿಗೆ ಸುಮಾರು 560 ಕಿಲೋಮೀಟರ್ ಕೊಳವೆ ಎಳೆದು ನೀರು ಕೊಟ್ಟರಲ್ಲ, ಅದೇ ಕಾಲದಲ್ಲಿ ಅಣೆಕಟ್ಟಿಗೆ ಹೆಚ್ಚು ನೀರು ಬರಲೆಂದು ಅದರ ಜಲಾನಯನದ ಮರಗಳ ತೊಗಟೆಯನ್ನು ಉಂಗುರದಂತೆ ಸುಲಿದು ಒಣಗಿಸಿದರು. ನೀರಿನೊಂದಿಗೆ ಉಪ್ಪೂ ಏರಿತು, ಕಡೆಗೆ ಕಾಡನ್ನು ಮತ್ತೆ ಬೆಳೆಯಲು ಬಿಟ್ಟರು. ಸಾವಿರಾರು ವರ್ಷಗಳಿಂದ ಸಮುದ್ರದ ಗಾಳಿ ಮಳೆಯೊಂದಿಗೆ ತಂದ ಉಪ್ಪು ಆ ಶೇಡಿಮಣ್ಣಿನಲ್ಲಿ ಕೂತಿದೆ, ಮರಗಳು ಅಂತರ್ಜಲವನ್ನು ಕೆಳಗೇ ಹಿಡಿದಿಟ್ಟು ಅದನ್ನು ಮಲಗಿಸಿವೆ. ಡಬ್ಲ್ಯು. ಇ. ವುಡ್ ಎಂಬ ರೈಲ್ವೆ ಎಂಜಿನಿಯರ್ 1924ರಲ್ಲೇ ಮರ ಕಡಿದಲ್ಲಿ ಉಪ್ಪು ಮೇಲೇಳುತ್ತದೆಂದು ಬರೆದಿದ್ದರು. ಬೆಟ್ಟದಾಚೆಯ ಗೋಧಿ ಸೀಮೆಯಲ್ಲಿ ಕಾಡು ಕಡಿದ ಮೇಲೆ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ ಉಪ್ಪು ಹಿಡಿದು ಕೆಟ್ಟಿದೆ.

ಹಾಗೆಂದು ವಿರಳಗೊಳಿಸುವ ಯೋಚನೆಯನ್ನು ಪೂರ್ತಿ ತಳ್ಳಿಹಾಕಲಾರೆ. ಹಿಂದೆ ಮರ ಕಡಿದ ಮತ್ತು ಬಾಕ್ಸೈಟ್ ಗಣಿಗಾರಿಕೆ ನಡೆದ ಜಾಗಗಳಲ್ಲಿ ಮರುಹುಟ್ಟಿನ ಕಾಡು ಒತ್ತೊತ್ತಾಗಿ ಬೆಳೆದಿದೆ. ನೂರಾರು ಎಳೆಯ ಕಾಂಡಗಳು ಕೆಲವೇ ಹಳೆಯ ಮರಗಳಿಗಿಂತ ಹೆಚ್ಚು ನೀರು ಬಳಸುತ್ತವೆ. ವುಂಗಾಂಗ್ ಜಲಾನಯನದಲ್ಲಿ 2005ರ ನಂತರ ಇಂಥ ಒತ್ತಾದ ಕಾಡನ್ನು ವಿರಳಗೊಳಿಸುವ ಪ್ರಯೋಗ ನಡೆಯಿತು. ಆದರೆ ಅಂತರ್ಜಲ ತೊರೆಯ ತಳದಿಂದ ಹತ್ತಾರು ಮೀಟರ್ ಕೆಳಗೆ ಹೋಗಿರುವ ಕಡೆ, ವಿರಳಗೊಳಿಸಿ ಉಳಿಸಿದ ನೀರು ಮೊದಲು ಆ ಗುಂಡಿಯನ್ನು ತುಂಬಬೇಕು. ಅಲ್ಲದೆ ಮರದ ಬುಡಗಳು ಮತ್ತೆ ಚಿಗುರುತ್ತವೆ. ಕೆಲವೇ ವರ್ಷಗಳಲ್ಲಿ ಲಾಭ ಕರಗುತ್ತದೆ, ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಉಳಿದ ಮರಗಳು ಬರ ತಾಳಲು ಅದು ನೆರವಾಗಬಹುದೆಂದು ನಾನು ನಂಬುತ್ತೇನೆ. ಪರ್ತಿನ ಕುಡಿಯುವ ನೀರಿಗೆ ಅದು ದಾರಿಯೆಂದು ನಂಬುವುದಿಲ್ಲ. ಮಳೆ ಇದೇ ರೀತಿ ಇಳಿಯುತ್ತಾ ಹೋದರೆ, ತೆಳುಮಣ್ಣಿನ ಗುಡ್ಡಗಳಲ್ಲಿ ಆ ವಿರಳಗೊಳಿಸುವ ಕೆಲಸವನ್ನು ಬರವೇ ಮಾಡುತ್ತದೆ, ನಾವು ಆರಿಸಿದ ಮರಗಳನ್ನಲ್ಲ ಅದು ತೆಗೆಯುವುದು.

ಬೀಜದುಂಡೆ:

ಮಾಲೂರಿನವರಲ್ಲಿ ಒಂದು ಕೋರಿಕೆ. ನೀವು ವಾರವಾರ ಹೋಗುವವರಾದ್ದರಿಂದ, ಕಂದಾದ ಒಂದು ಗುಡ್ಡವನ್ನು ಆರಿಸಿಕೊಂಡು ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಚಿತ್ರ ತೆಗೆಯಿರಿ. ಚಿಗುರು ಕೊಂಬೆಯಿಂದ ಬಂತೇ, ಕಾಂಡದಿಂದ ಬಂತೇ, ಬುಡದಿಂದ ಬಂತೇ ಎಂದು ಬರೆದಿಟ್ಟುಕೊಳ್ಳಿ, ಮರಕ್ಕೆ ಎಷ್ಟು ಏಟು ಬಿದ್ದಿದೆ ಎಂಬುದನ್ನು ಅದು ತಿಳಿಸುತ್ತದೆ. ಹತ್ತಿರದ ತೊರೆ ಯಾವ ದಿನ ಹರಿಯಲು ಶುರುವಾಯಿತು, ಮಳೆ ನಿಂತ ಎಷ್ಟು ದಿನಕ್ಕೆ ನಿಂತಿತು ಎಂಬುದನ್ನೂ ಗುರುತು ಹಾಕಿ. ಈ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನ ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ. ಜೂನ್–ಜುಲೈನ ಚಳಿಮಳೆಯ ಮಕುರು ಋತುವಿನಿಂದ ಶುರು ಮಾಡಿದರೆ ಒಳ್ಳೆಯದು.

ಮಾಲೂರಿನವ:

ಹಾಗೆಯೇ ಮಾಡಿದೆ, ತಡವಾಗಿ ವರದಿ ಮಾಡುತ್ತಿದ್ದೇನೆ. ನಾನು ಆರಿಸಿದ್ದು ಒಂದು ದೊಡ್ಡ ಬಂಡೆಯ ದಕ್ಷಿಣದ ಪಕ್ಕೆ. ಬಂಡೆಗೆ ಅಂಟಿಕೊಂಡಿರುವ ಮರಗಳಲ್ಲಿ ಕೊಂಬೆ ಚಿಗುರಿದ್ದು ಒಂದೂ ಇಲ್ಲ, ಹೆಚ್ಚಿನವು ಬುಡದಿಂದ ಕೆಂಪು ಚಿಗುರು ಬಿಟ್ಟಿವೆ, ಕೆಲವು ಏನೂ ಬಿಟ್ಟಿಲ್ಲ. ಇಪ್ಪತ್ತು ಹೆಜ್ಜೆ ಕೆಳಗೆ, ಮಣ್ಣು ಆಳವಾದಂತೆ, ಕಾಂಡದ ಚಿಗುರು ಕಾಣುತ್ತದೆ, ಇನ್ನೂ ಕೆಳಗೆ ಮರಗಳಿಗೆ ಏನೂ ಆಗಿಯೇ ಇಲ್ಲ. ನೀವು ಹೇಳಿದ ಪಾತ್ರೆಯ ಅಂಚನ್ನು ಕಾಲಿನಲ್ಲೇ ಅಳೆದಂತಾಯಿತು.

ಈ ಜುಲೈಯಲ್ಲಿ ಒಳ್ಳೆಯ ಮಳೆಯಾಯಿತು. ಎರಡು ವಾರ ಆಕಾಶ ಬಿಡಲಿಲ್ಲ, ಹರಳುನೆಲವೆಲ್ಲ ತೊಯ್ದು ಹೊಳೆಯುತ್ತಿತ್ತು. ಕಣಿವೆಯ ತೊರೆ ಒಂದು ರಾತ್ರಿ ಹರಿದಿರಬೇಕು, ಕಸಕಡ್ಡಿ ಬೇಲಿಗೆ ಸಿಕ್ಕಿಕೊಂಡಿತ್ತು. ನಾನು ಬೆಳಿಗ್ಗೆ ಹೋಗಿ ನೋಡುವಷ್ಟರಲ್ಲಿ ತಳದ ಮರಳು ಒದ್ದೆಯಾಗಿತ್ತು, ನೀರಿರಲಿಲ್ಲ. ಮೊಣಕೈವರೆಗೆ ಬಗೆದು ನೋಡಿದೆ, ಅಲ್ಲಿಯೂ ಇರಲಿಲ್ಲ. ಮುಂದಿನ ತಿಂಗಳ ಚಿತ್ರದೊಂದಿಗೆ ಮತ್ತೆ ಬರೆಯುತ್ತೇನೆ.